ಫೀನಿಕ್ಸ್‌ನಲ್ಲಿ ಏಪ್ರಿಲ್ ತಿಂಗಳ ಟೊಮೆಟೊ

ಮರುಭೂಮಿಯಲ್ಲಿ ತರಕಾರಿ ಬೆಳೆಯಹೊರಟವರು ‘ಯಾವಾಗ ನೆಡಬೇಕು?’ ಎನ್ನುವುದಕ್ಕೆ ಮೊದಲು ‘ಬಿಸಿಲು ಯಾವಾಗ ಮುಗಿಸಿಬಿಡುತ್ತದೆ?’ ಎಂದು ಕೇಳಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಇದು ಪುಸ್ತಕದಿಂದ ಬಂದ ಅಭಿಪ್ರಾಯವಲ್ಲ. ಹದಿನಾಲ್ಕು ಟೊಮೆಟೊ ಗಿಡಗಳನ್ನು ಬಲಿಕೊಟ್ಟು ಸಂಪಾದಿಸಿದ್ದು.

2019ರಲ್ಲಿ ನಾವಿಬ್ಬರೂ ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿರುವ ಮಗನ ಮನೆಗೆ ಹೋಗಿದ್ದೆವು. ತಲುಪಿದ್ದು ಏಪ್ರಿಲ್ ಕೊನೆಯ ವಾರ. ಹಿತ್ತಿಲಲ್ಲಿ ಖಾಲಿ ಜಾಗವಿತ್ತು, ನನಗೆ ಬೇಕಾದಷ್ಟು ಬಿಡುವಿತ್ತು. ಅಂಗಡಿಯಲ್ಲಿ ಟೊಮೆಟೊ ಸಸಿಗಳನ್ನು ಸಾಲಾಗಿ ಜೋಡಿಸಿದ್ದರು. ಇಬ್ಬನಿ ಹೆಪ್ಪುಗಟ್ಟುವ ಭಯ ಕಳೆದ ಮೇಲೆ ನೆಡಬೇಕೆಂದು ಚೀಟಿಯಲ್ಲಿ ಬರೆದಿತ್ತು. ಆ ಭಯ ಫೀನಿಕ್ಸ್‌ನಲ್ಲಿ ಫೆಬ್ರವರಿ ಮಧ್ಯಕ್ಕೇ ಬಹುಮಟ್ಟಿಗೆ ಕಳೆದಿರುತ್ತದೆಂಬುದನ್ನು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಗಿಡಗಳು ಸೊಂಪಾಗಿಯೇ ಬೆಳೆದವು. ಜೂನ್ ತಿಂಗಳಲ್ಲಿ ಹೂ ತುಂಬಿಕೊಂಡಿತು. ಆಮೇಲೆ ದಿನವೂ ಬೆಳಿಗ್ಗೆ ನೆಲದ ಮೇಲೆ ಹಳದಿ ಹೂಗಳು. ಒಂದೇ ಒಂದು ಕಾಯಿ ಕಚ್ಚಲಿಲ್ಲ. ಹಗಲಿನ ಶಾಖ 35 ಡಿಗ್ರಿ ಸೆಲ್ಸಿಯಸ್ ದಾಟಿ, ರಾತ್ರಿಯೂ 24 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಟೊಮೆಟೊದ ಪರಾಗ ಕೆಟ್ಟು ಹೂವು ಉದುರಿಬಿಡುತ್ತದೆ. ಅಲ್ಲಿ ಜೂನ್ ತಿಂಗಳ ಹಗಲು ಸರಾಸರಿ 40 ಡಿಗ್ರಿಗೂ ಮಿಗಿಲು. ನೆರಳಿನ ಬಲೆ ಕಟ್ಟಿದರೆ ಸಾಕೆನ್ನುವವರುಂಟು. ನಾನೂ ಕಟ್ಟಿದೆ. ಬಲೆ ಬಿಸಿಲನ್ನು ತಡೆದೀತು, ಇರುಳಿನ ಕಾವನ್ನು ತಡೆಯುವುದೆಂತು? ತಪ್ಪಿದ ತಿಥಿಯನ್ನು ಬಲೆಯಾಗಲಿ ನೀರಾಗಲಿ ತಿದ್ದಲಾರವು.

ನೀರಿನ ಮಾತು ಬಂದದ್ದರಿಂದ ಹೇಳುತ್ತೇನೆ, ನನಗೆ ನಾಚಿಕೆಯಾದದ್ದು ಅಲ್ಲಿಯೇ. ಆ ನಗರದ ನೀರಿನ ಒಂದು ಭಾಗ ಕೊಲರಾಡೊ ನದಿಯಿಂದ ಮರಳುಗಾಡನ್ನು ಸೀಳಿ ಕಾಲುವೆಯಲ್ಲಿ ಬರುತ್ತದೆ. 2021ರ ಆಗಸ್ಟ್‌ನಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಮೊಟ್ಟಮೊದಲ ಬಾರಿಗೆ ಆ ನದಿಯಲ್ಲಿ ನೀರಿನ ಕೊರತೆಯನ್ನು ಘೋಷಿಸಿತು. ಮರುವರ್ಷ ಅರಿಜೋನಾದ ಪಾಲಿನಲ್ಲಿ ಸುಮಾರು ಶೇಕಡ 18ರಷ್ಟು ಕಡಿತವಾಯಿತು. ಕಾಯಿ ಬಿಡಲಾರದ ಗಿಡಕ್ಕೆ ಎರಡು ತಿಂಗಳು ಹೊತ್ತು ಹೊತ್ತಿಗೆ ಅಂಥ ನೀರುಣಿಸಿದವನು ನಾನು. ಅಕಾಲದಲ್ಲಿ ನೆಡುವುದು ಕೇವಲ ಅಜ್ಞಾನವಲ್ಲ, ದುಂದು ಕೂಡ.

ಅಲ್ಲಿ ಬೇಸಿಗೆಯೇ ನಮ್ಮ ಪುಸ್ತಕಗಳ ಚಳಿಗಾಲ. ಟೊಮೆಟೊ ಸಸಿಯನ್ನು ಫೆಬ್ರವರಿ ಮಧ್ಯದಿಂದ ಮಾರ್ಚ್ ತಿಂಗಳೊಳಗೆ ನೆಲಕ್ಕಿಳಿಸಬೇಕು. ಕ್ಯಾರೆಟ್, ಬಟಾಣಿ, ಪಾಲಕ್ ಮುಂತಾದವಕ್ಕೆ ಕಾಲ ಬರುವುದು ಸೆಪ್ಟೆಂಬರ್ ಕಳೆಯುತ್ತ ಮಣ್ಣು ತಣಿದಾಗ. ನಡುಬೇಸಿಗೆಯನ್ನು ತಾಳುವ ಬೆಂಡೆ, ಅಲಸಂದೆಗಳು ನಮಗೆ ಬೇಕಾದವೇ ಆಗಿರುವುದು ಕನ್ನಡಿಗರ ಪುಣ್ಯ! ಅರಿಜೋನಾ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗದವರು ಫೀನಿಕ್ಸ್ ಇರುವ ಮ್ಯಾರಿಕೋಪಾ ಜಿಲ್ಲೆಗೆಂದೇ ತರಕಾರಿ ಬಿತ್ತನೆಯ ಪಟ್ಟಿಯನ್ನು ಪ್ರಕಟಿಸಿದ್ದಾರೆ. ಅಂಗಡಿಯ ಚೀಟಿಗಿಂತ ಅದು ಸಾವಿರ ಪಾಲು ಮೇಲು.

ಆ ನೆಲದ ಮೂಲನಿವಾಸಿಗಳಾದ ಟೊಹೊನೊ ಓಧಮ್ ಜನಕ್ಕೆ ಇಂಥ ಪಟ್ಟಿಯೂ ಬೇಕಿರಲಿಲ್ಲ. ಜೂನ್ ತಿಂಗಳಲ್ಲಿ ಸಗುವಾರೊ ಕಳ್ಳಿಯ ಹಣ್ಣು ಕೆಂಪಾಗುವಾಗ ಅವರ ವರ್ಷ ಆರಂಭವಾಗುತ್ತದೆ. ಬಳಿಕ ಮುಂಗಾರು ಇಳಿದು ಹಳ್ಳದ ನೀರು ಹೊಲಕ್ಕೆ ಹರಡಿದಾಗ ಟೆಪರಿ ಎಂಬ ಪುಟ್ಟ ಕಾಳನ್ನು ಬಿತ್ತುತ್ತಿದ್ದರು. ಇದನ್ನು ಓದಿದಾಗ ನನಗೆ ತಂದೆಯವರ ನೆನಪಾಯಿತು. ಅವರು ಗೋಡೆಯ ಕ್ಯಾಲೆಂಡರ್ ನೋಡಿ ಬಿತ್ತಿದವರಲ್ಲ. ಕೃತ್ತಿಕೆ, ರೋಹಿಣಿ, ಮೃಗಶಿರ ಎಂದು ಮಳೆಗಳನ್ನು ಎಣಿಸುತ್ತಿದ್ದರು. ಅವರ ಮಗನಾಗಿ, ಮೂರು ದಶಕ ಪಾಠ ಹೇಳಿದ ಮೇಲೂ ನಾನು ಅಂಗಡಿಯ ಚೀಟಿಯನ್ನು ನಂಬಿದೆನಲ್ಲ!

ಈಗ ಮಗ ಫೆಬ್ರವರಿಯ ಮೂರನೆಯ ವಾರ ಸಸಿ ನೆಡುತ್ತಾನೆ. ಚಳಿ ಹೆಚ್ಚಿದ ರಾತ್ರಿ ಹಳೆಯ ಹೊದಿಕೆ ಹೊದಿಸುತ್ತಾನೆ. ಮೇ ತಿಂಗಳಲ್ಲಿ ಸೊಸೆ ಸ್ವಂತ ಟೊಮೆಟೊದ ಸಾರು ಮಾಡಿ ಫೋನಿನಲ್ಲಿ ತೋರಿಸುತ್ತಾಳೆ. ಜೂನ್ ತಿಂಗಳಲ್ಲಿ ಕೊತ್ತಂಬರಿ ಬಿತ್ತುವ ಚಟವನ್ನು ಮಾತ್ರ ಅವರಿಬ್ಬರೂ ಬಿಟ್ಟಿಲ್ಲ.