ಒಂದು ಟಿಕ್ ಮಾರ್ಕಿಗೆ ಜೀವನಪೂರ್ತಿ ಶಿಕ್ಷೆ ಯಾಕೆ?

ಊರಲ್ಲಿ ಯಾರ ಕೇಸು ಹಳ್ಳ ಹಿಡಿದರೂ ಹೋಟೆಲಿನ ಬೆಂಚಿನ ಮೇಲೆ ಸಿಗುವ ಸಲಹೆ ಒಂದೇ: ‘ಮೊದಲು ಲಾಯರ್ ಬದಲಾಯಿಸಿ ಮಾರಾಯ್ರೆ.’ ತಾಲ್ಲೂಕು ಕೋರ್ಟಿನ ಗದ್ದೆ ತಕರಾರಿಗೆ ಈ ಮಾತು ನಡೆದೀತು. ಈಗ ಇದೇ ಸಲಹೆ ವಾಟ್ಸಾಪಿನಲ್ಲಿ ಅಮೆರಿಕಕ್ಕೂ ಹೋಗುತ್ತಿದೆ. ತೋಟ ಅಡವಿಟ್ಟು ಮಕ್ಕಳನ್ನು ಅಲ್ಲಿ ಓದಲು ಕಳಿಸಿದ ಮನೆಗಳು ನಮ್ಮ ಹಳ್ಳಿಗಳಲ್ಲೂ ಇವೆ. ಅದಕ್ಕೇ ನಾವು ಇದನ್ನು ಬರೆಯಬೇಕಾಯಿತು.

ಅಲ್ಲಿ ಯಾವ ಕೆಲಸಕ್ಕೆ ಸೇರಿದರೂ ಐ-9 ಎಂಬ ಫಾರಂ ತುಂಬಬೇಕು. ಅದರ ಮೊದಲ ಚೌಕದಲ್ಲಿ ‘ನಾನು ಅಮೆರಿಕದ ಪ್ರಜೆ’ ಎಂದಿರುತ್ತದೆ. 2009ರವರೆಗೆ ಒಂದೇ ಚೌಕದಲ್ಲಿ ‘ಪ್ರಜೆ ಅಥವಾ ನ್ಯಾಷನಲ್’ ಎಂದಿತ್ತು. ಅದರ ಅರ್ಥವೇನೆಂದು ಅಲ್ಲಿನ ಕೋರ್ಟುಗಳೇ ತಲೆ ಕೆಡಿಸಿಕೊಂಡವು. ಇನ್ನು ಡ್ರೈವಿಂಗ್ ಲೈಸೆನ್ಸ್ ಮಾಡಿಸಲು ಹೋದರೆ, 1993ರ ಕಾಯ್ದೆಯ ಪ್ರಕಾರ ಹೆಚ್ಚಿನ ರಾಜ್ಯಗಳಲ್ಲಿ ಅದೇ ಕೌಂಟರಿನಲ್ಲಿ ಮತದಾರರ ನೋಂದಣಿಯೂ ನಡೆಯುತ್ತದೆ. ಅವಸರದಲ್ಲಿ ಹೂಂ ಎಂದು ಸಹಿ ಹಾಕಿದರೆ ಮುಗಿಯಿತು.

1996ರ ಸೆಪ್ಟೆಂಬರ್ 30ರಿಂದ ಈಚೆಗೆ ಹೀಗೆ ಪ್ರಜೆ ಎಂದು ಸುಳ್ಳು ಹೇಳಿಕೊಂಡವರಿಗೆ ಉದ್ಯೋಗದ ಮೂಲಕವಾಗಲಿ, ಕುಟುಂಬದ ಮೂಲಕವಾಗಲಿ ಗ್ರೀನ್ ಕಾರ್ಡಿನ ಬಾಗಿಲು ಕಾಯಂ ಮುಚ್ಚಿದೆ. ಅಮೆರಿಕದ ಪ್ರಜೆಯನ್ನೇ ಮದುವೆಯಾದರೂ ತೆರೆಯುವುದಿಲ್ಲ. ವಿಚಿತ್ರ ನೋಡಿ: ವೀಸಾ ಅರ್ಜಿಯಲ್ಲಿ ಬೇರೆ ಬಗೆಯ ಮೋಸ ಮಾಡಿದವರು, ತಮ್ಮನ್ನು ಹೊರಹಾಕಿದರೆ ಅಲ್ಲಿನ ಪ್ರಜೆಯಾದ ಗಂಡನಿಗೋ ಹೆಂಡತಿಗೋ ವಿಪರೀತ ಕಷ್ಟವಾಗುತ್ತದೆಂದು ತೋರಿಸಿ ಮಾಫಿ ಕೇಳಬಹುದು. ಟಿಕ್ ಹಾಕಿದವರಿಗೆ ಆ ದಾರಿ ಇಲ್ಲ. ತಂದೆತಾಯಿ ಇಬ್ಬರೂ ಪ್ರಜೆಗಳಾಗಿ, 16 ವರ್ಷಕ್ಕೆ ಮುಂಚೆಯೇ ಅಲ್ಲಿ ಕಾಯಂ ನೆಲೆಸಿ, ತಾನೂ ಪ್ರಜೆಯೆಂದು ನಂಬಲು ಕಾರಣವಿದ್ದವರಿಗೆ ವಿನಾಯಿತಿ ಇದೆ. ನಮ್ಮೂರಿನಿಂದ ಎಂ.ಎಸ್. ಓದಲು ಹೋದವರು ಅದರೊಳಗೆ ಬರುವುದಿಲ್ಲ.

ಸುಳ್ಳು ಹೇಳಿದವರನ್ನು ಬಿಟ್ಟುಬಿಡಬೇಕೇ ಎಂದು ಕೇಳುವವರಿದ್ದಾರೆ. ಬಿಡಬೇಡಿ. ಬೇಕೆಂದೇ ಹೀಗೆ ಹೇಳಿಕೊಂಡವರಿಗೆ ಮೂರು ವರ್ಷದವರೆಗೆ ಜೈಲು ವಿಧಿಸುವ ಕ್ರಿಮಿನಲ್ ಕಾನೂನು ಅಲ್ಲಿ ಬೇರೆಯೇ ಇದೆ. ಆ ಜೈಲಿಗೆ ಕೊನೆಯ ದಿನವಿದೆ, ಈ ನಿಷೇಧಕ್ಕಿಲ್ಲ. 2019ರಲ್ಲಂತೂ ವಲಸೆ ಮೇಲ್ಮನವಿ ಮಂಡಳಿ, ಗಡೀಪಾರು ಮಾಡಲು ಆ ಸುಳ್ಳು ಗೊತ್ತಿದ್ದೇ ಹೇಳಿದ್ದೆಂದು ಸಾಬೀತಾಗಬೇಕಿಲ್ಲ ಎಂದುಬಿಟ್ಟಿತು. ತಪ್ಪು ತಿಳಿವಳಿಕೆಗೂ ಮೋಸಕ್ಕೂ ವ್ಯತ್ಯಾಸ ಕಾಣದ್ದನ್ನು ನಾವು ನ್ಯಾಯ ಎನ್ನುವುದು ಹೇಗೆ?

ಇಂಥ ಕೇಸಿನಲ್ಲಿ ‘ಲಾಯರ್ ಬದಲಾಯಿಸಿ’ ಎಂಬ ಸಲಹೆಯ ಗತಿಯೇನು? ಬದಲಾಯಿಸುವ ಹಕ್ಕೇನೋ ಇದೆ. ಹೊಸಬರು ಫಾರಂ ಸಲ್ಲಿಸುತ್ತಾರೆ, ಹಳಬರು ಜಡ್ಜ್ ಅನುಮತಿ ಪಡೆದು ಹಿಂದೆ ಸರಿಯುತ್ತಾರೆ. ಆದರೆ ಹಳೆಯ ಲಾಯರ್ ಕೋರ್ಟಿನಲ್ಲಿ ಒಪ್ಪಿಕೊಂಡದ್ದು ಕಕ್ಷಿದಾರನನ್ನು ಕಟ್ಟಿಹಾಕುತ್ತದೆ ಎಂದು 1986ರಲ್ಲೇ ತೀರ್ಪಾಗಿದೆ. ತೀರಾ ಅತಿರೇಕದ ಸಂದರ್ಭ ಮಾತ್ರ ಬೇರೆ. ಅವರು ‘ಹೌದು, ಹೇಳಿಕೊಂಡಿದ್ದಾನೆ’ ಎಂದಿದ್ದರೆ ಹೊಸಬರು ಅಲ್ಲಿಂದಲೇ ಶುರು ಮಾಡಬೇಕು. ಹಳಬರ ಅಸಡ್ಡೆಯಿಂದ ಕೆಟ್ಟಿತು ಎನ್ನಬೇಕಾದರೆ 1988ರ ಲೊಝಾಡಾ ತೀರ್ಪು ಕೇಳುವಷ್ಟನ್ನು ಒದಗಿಸಬೇಕು: ಅಫಿಡವಿಟ್, ಆ ಲಾಯರಿಗೆ ತಿಳಿಸಿದ್ದಕ್ಕೆ ಪುರಾವೆ, ಅವರ ಮೇಲೆ ಶಿಸ್ತು ಸಮಿತಿಗೆ ದೂರು ಕೊಟ್ಟಿರಬೇಕು, ಇಲ್ಲವೇ ಯಾಕೆ ಕೊಟ್ಟಿಲ್ಲ ಎಂದು ವಿವರಿಸಬೇಕು. ಅಂತಿಮ ಆದೇಶವಾಗಿದ್ದರೆ ಕೇಸು ಮತ್ತೆ ತೆರೆಯುವಂತೆ ಕೇಳಲು ಸಾಮಾನ್ಯವಾಗಿ 90 ದಿನ, ಅದೂ ಒಂದೇ ಸಲ. ಇಷ್ಟಕ್ಕೆಲ್ಲ ಸರ್ಕಾರಿ ಖರ್ಚಿನಲ್ಲಿ ವಕೀಲರನ್ನು ಪಡೆಯುವ ಹಕ್ಕೂ ಇಲ್ಲ. ಎರಡನೇ ಲಾಯರಿನ ಫೀಸಿಗೆ ಮತ್ತೆ ತೋಟವೇ ಆಧಾರ.

ಹಾಗಾಗಿ ವಾಟ್ಸಾಪಿನಲ್ಲಿ ಸಲಹೆ ಕಳಿಸುವ ಚಿಕ್ಕಪ್ಪ, ಮಾವಂದಿರಲ್ಲಿ ನಮ್ಮದೊಂದು ಕೋರಿಕೆ. ಲಾಯರ್ ಬದಲಾಯಿಸು ಎನ್ನುವ ಮೊದಲು, ಹಳೆಯ ಲಾಯರಿಂದ ಪೂರ್ತಿ ಫೈಲ್ ತರಿಸಿಕೊ, ನಿನ್ನ ಹೆಸರಿನಲ್ಲಿ ಅವರು ಏನು ಒಪ್ಪಿಕೊಂಡಿದ್ದಾರೆ ನೋಡು ಎನ್ನಿ. ಇನ್ನೂ ವಿಮಾನ ಹತ್ತದ ಮಕ್ಕಳಿಗೆ ಆ ಮೊದಲ ಚೌಕವನ್ನು ಈಗಲೇ ತೋರಿಸಿ.