ಯಂತ್ರ ಕೊಳ್ಳಲು ರೊಕ್ಕ ಉಂಟು, ಕಟ್ಟಲು ಯಾಕಿಲ್ಲ?

ಮಾನ್ಯ ಸಂಪಾದಕರೇ,

ಕಣ ವೇಗವರ್ಧಕದ ಮಾತು ಬಂದರೆ ನಮ್ಮ ಜನಪ್ರತಿನಿಧಿಗಳಿಗೂ ಅಧಿಕಾರಿಗಳಿಗೂ ಜಿನೀವಾ ಹತ್ತಿರದ 27 ಕಿಲೋಮೀಟರ್ ಸುರಂಗವೊಂದೇ ಕಣ್ಣಿಗೆ ಬರುತ್ತದೆ. ವಾರಕ್ಕೊಮ್ಮೆ ನಲ್ಲಿ ನೀರು ಬರುವ ಬಡಾವಣೆಗಳಿರುವ ಊರಿಗೆ ಅದರಿಂದ ಆಗಬೇಕಾದ್ದೇನು ಎಂದು ಕೇಳುತ್ತಾರೆ. ಹಾಗೆ ಕೇಳುವವರು ಒಂದು ಮುಂಜಾನೆ ಹುಬ್ಬಳ್ಳಿ-ಧಾರವಾಡ ಅವಳಿನಗರದ ಯಾವುದಾದರೂ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಕೂಡಬೇಕು. ಹಾವೇರಿ, ಗದಗ, ಕೊಪ್ಪಳ, ಬಾಗಲಕೋಟೆ, ಶಿರಸಿ ಕಡೆಯಿಂದ ಬಂದ ಮಂದಿ ಬುತ್ತಿ ಕಟ್ಟಿಕೊಂಡು ಸರದಿ ಕಾಯುವುದು ವೇಗವರ್ಧಕದ ಬಾಗಿಲಲ್ಲೇ.

ರೋಗಿಗಳು ‘ಕರೆಂಟ್ ಕೊಡಿಸೋದು’ ಎನ್ನುವ ಚಿಕಿತ್ಸೆಯ ಯಂತ್ರವೇ ಲಿನ್ಯಾಕ್, ಅಂದರೆ ಲೀನಿಯರ್ ಆಕ್ಸಿಲರೇಟರ್. ಅದರ ಒಡಲಲ್ಲಿರುವುದು ತಾಮ್ರದ ಕೋಶಗಳನ್ನು ಸಾಲಾಗಿ ಬೆಸೆದು, ಗಾಳಿಯನ್ನೆಲ್ಲ ಹೀರಿ ತೆಗೆದ ಒಂದು ಕೊಳವೆ. ಸುಮಾರು 3 ಗಿಗಾಹರ್ಟ್ಸ್‌ನ ಮೈಕ್ರೋವೇವ್ ಅಲೆ ಅದರೊಳಗೆ ಎಲೆಕ್ಟ್ರಾನುಗಳನ್ನು ಮುಂದಕ್ಕೆ ತಳ್ಳುತ್ತದೆ. ಮೊಳದಷ್ಟೂ ಉದ್ದವಿಲ್ಲದ ಆ ಹಾದಿ ಮುಗಿಯುವಷ್ಟರಲ್ಲಿ ಅವು 60 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಪಡೆದು ಟಂಗ್‌ಸ್ಟನ್ ತುಂಡಿಗೆ ಬಡಿಯುತ್ತವೆ. ಆಗ ಹೊಮ್ಮುವ ಎಕ್ಸ್-ಕಿರಣ ಗಡ್ಡೆಯ ಜೀವಕೋಶಗಳನ್ನು ಕೊಲ್ಲುತ್ತದೆ. ದೇಶದ ಆಸ್ಪತ್ರೆಗಳಲ್ಲಿರುವ ಲಿನ್ಯಾಕ್‌ಗಳಲ್ಲಿ ಬಹುಪಾಲು ಅಮೆರಿಕದ ವೇರಿಯನ್, ಸ್ವೀಡನ್ನಿನ ಎಲೆಕ್ಟಾ ಕಂಪನಿಗಳವು. ಒಂದೊಂದಕ್ಕೂ ಹಲವು ಕೋಟಿ ರೂಪಾಯಿ ಬೆಲೆ, ಅದರ ಮೇಲೆ ವರ್ಷವರ್ಷವೂ ದುರಸ್ತಿ ಕರಾರಿನ ಹಣ. ಹತ್ತು ಲಕ್ಷ ಜನಕ್ಕೆ ಒಂದಾದರೂ ವಿಕಿರಣ ಚಿಕಿತ್ಸಾ ಯಂತ್ರ ಬೇಕೆಂಬುದು ಎಲ್ಲರೂ ಒಪ್ಪಿರುವ ಅಳತೆ. ಆ ಲೆಕ್ಕಕ್ಕೆ ನಮಗೆ 1,400ಕ್ಕೂ ಹೆಚ್ಚು ಬೇಕು. ಅದರ ಹತ್ತಿರಕ್ಕೂ ನಾವು ಬಂದಿಲ್ಲ.

ಈ ವಿದ್ಯೆ ನಮಗೆ ಬಾರದ್ದಾಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. 1990ರ ಸುಮಾರಿಗೇ ಮುಂಬೈಯ ಸಮೀರ್ ಸಂಸ್ಥೆ, ಚಂಡೀಗಢದ ಕೇಂದ್ರೀಯ ವೈಜ್ಞಾನಿಕ ಉಪಕರಣ ಸಂಸ್ಥೆ ಮತ್ತು ಅಲ್ಲಿನ ಪಿಜಿಐ ಆಸ್ಪತ್ರೆ ಕೂಡಿ ದೇಶದ ಮೊದಲ ಲಿನ್ಯಾಕ್ ಕಟ್ಟಿದವು. ಅದಕ್ಕೆ ‘ಜೀವನ್ ಜ್ಯೋತಿ’ ಎಂದು ಹೆಸರಿಟ್ಟರು. ಮುಂದೆ ಸಮೀರ್‌ನ ‘ಸಿದ್ಧಾರ್ಥ’ ಯಂತ್ರ ಸೇವಾಗ್ರಾಮದ ವೈದ್ಯಕೀಯ ಕಾಲೇಜಿಗೆ ಬಂತು. ದೇಶದ ದೊಡ್ಡ ವೇಗವರ್ಧಕಗಳಾದ ಇಂಡಸ್-1, ಇಂಡಸ್-2 ಇರುವ ಇಂದೋರಿನ ಕೇಂದ್ರಕ್ಕೆ 1925ರಲ್ಲಿ ತಿಪಟೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಅವರ ಹೆಸರಿದೆ. ಅದೇ ಕೇಂದ್ರದ ನೆರವಿನಿಂದ ಮಂಗಳೂರು ವಿಶ್ವವಿದ್ಯಾಲಯದ ಕೊಣಾಜೆ ಆವರಣದಲ್ಲಿ 80 ಲಕ್ಷ ಎಲೆಕ್ಟ್ರಾನ್ ವೋಲ್ಟಿನ ಮೈಕ್ರೋಟ್ರಾನ್ ಎಂಬ ವೇಗವರ್ಧಕ ಬಂತು. ಜಿನೀವಾದ ಆ ಸುರಂಗಕ್ಕೂ ಭಾರತ ಸುಮಾರು 1,800 ಅತಿವಾಹಕ ತಿದ್ದುಕಾಂತಗಳನ್ನು, ಮೂವತ್ತು ಟನ್ನಿಗೂ ಮಿಕ್ಕಿದ ದೊಡ್ಡ ಕಾಂತಗಳನ್ನು ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ಹೊತ್ತು ನಿಲ್ಲಿಸುವ 7,000ಕ್ಕೂ ಹೆಚ್ಚು ಜಾಕ್‌ಗಳನ್ನು ಮಾಡಿ ಕಳಿಸಿತು. ಆ ತಿದ್ದುಕಾಂತಗಳ ತಯಾರಿಕೆಯಲ್ಲಿ ಬೆಂಗಳೂರಿನ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿಯ ಕೈಯಿತ್ತು. ಆ ಕಂಪನಿಯ ಕಾರ್ಖಾನೆ ನಮ್ಮ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೂ ಇದೆ.

ಇಷ್ಟೆಲ್ಲ ಬಲ್ಲ ದೇಶದ ಆಸ್ಪತ್ರೆ ಮೂವತ್ತೈದು ವರ್ಷಗಳ ನಂತರವೂ ಲಿನ್ಯಾಕ್ ಬೇಕೆಂದರೆ ಹೊರದೇಶದತ್ತ ನೋಡುತ್ತದೆ. ತಪ್ಪು ವಿಜ್ಞಾನಿಗಳದಲ್ಲ, ಹಣ ಕೊಡುವ ರೀತಿಯದು ಎಂದು ನನ್ನ ತಕರಾರು. ಸರ್ಕಾರ ಯೋಜನೆಗೆ ಹಣ ಕೊಡುತ್ತದೆ. ಮೊದಲ ಯಂತ್ರ ಸಿದ್ಧವಾಗುತ್ತದೆ, ಉದ್ಘಾಟನೆ ನಡೆಯುತ್ತದೆ, ಯೋಜನೆಯ ಅವಧಿ ತೀರುತ್ತದೆ. ಆಮೇಲೆ ಎರಡನೆಯ, ಐದನೆಯ, ಇಪ್ಪತ್ತನೆಯ ಯಂತ್ರ ಕಟ್ಟಿ, ಕೆಟ್ಟದ್ದನ್ನು ತಿದ್ದಿ, ವೈದ್ಯರು ಹೇಳಿದ ಬದಲಾವಣೆ ಮಾಡುವ ಕೆಲಸಕ್ಕೆ ಯಾವ ಶೀರ್ಷಿಕೆಯಲ್ಲೂ ಹಣವಿರುವುದಿಲ್ಲ. ಯಂತ್ರ ಮಾಗುವುದು ಈ ಹಂತದಲ್ಲೇ. ಟೆಂಡರಿನಲ್ಲಿ ಹಳೆಯ ಅನುಭವ ಕೇಳಿದರೆ ಹೊಸಬನಿಗೆ ಮೊದಲ ಗಿರಾಕಿಯೇ ಸಿಗದು. ಬೇರೆ ದಾರಿ ಇಲ್ಲದೆಯೂ ಇಲ್ಲ. ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿದ ಕೋಬಾಲ್ಟ್ ವಿಕಿರಣ ಚಿಕಿತ್ಸಾ ಯಂತ್ರ ಭಾಭಾಟ್ರಾನ್ ನೋಡಿ. ಅದನ್ನು ತಯಾರಿಸಲು ಬೆಂಗಳೂರಿನ ಕಂಪನಿಗೆ ಕೊಟ್ಟರು, ತಿದ್ದುತ್ತ ಹೋದರು, ನಮ್ಮ ಆಸ್ಪತ್ರೆಗಳು ಕೊಂಡವು. ಅದು ವಿಯೆಟ್ನಾಮಿಗೂ ಹೋಯಿತು. ಸಂಶೋಧನೆಗೆ ಕೊಟ್ಟ ಹಣ ಮತ್ತು ಖರೀದಿಯ ಆದೇಶ ಒಂದೇ ದಾರಿಯಲ್ಲಿ ನಡೆದದ್ದರಿಂದ ಅದು ಆಯಿತು.

ದೇಶದ ಒಟ್ಟು ಆಂತರಿಕ ಉತ್ಪನ್ನದಲ್ಲಿ ಸಂಶೋಧನೆಗೆ ಸಲ್ಲುವುದು ಶೇ 0.64 ಮಾತ್ರ. 2023ರಲ್ಲಿ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯ್ದೆ ಬಂದಾಗ ಐದು ವರ್ಷಕ್ಕೆ 50,000 ಕೋಟಿ ಎಂದರು. ಅದರಲ್ಲಿ 36,000 ಕೋಟಿ ಉದ್ದಿಮೆ, ದಾನಿಗಳು ಮುಂತಾದ ಸರ್ಕಾರೇತರ ಮೂಲಗಳಿಂದ ಬರಬೇಕೆಂಬ ಲೆಕ್ಕ. 2025ರ ಜುಲೈನಲ್ಲಿ ಕೇಂದ್ರ ಸಂಪುಟ ಒಪ್ಪಿದ ಒಂದು ಲಕ್ಷ ಕೋಟಿಯ ಯೋಜನೆಯ ಮುಖ್ಯ ರೂಪ ಖಾಸಗಿಯವರಿಗೆ ಕಡಿಮೆ ಬಡ್ಡಿಯ ಅಥವಾ ಬಡ್ಡಿಯಿಲ್ಲದ ಸಾಲ. ಸಾಲ ತೆಗೆದುಕೊಂಡು ಲಿನ್ಯಾಕ್ ಕಟ್ಟಲು ಯಾರು ಮುಂದೆ ಬರುತ್ತಾರೆ? ಹತ್ತು ವರ್ಷ ಗಿರಾಕಿಯ ಭರವಸೆಯಿಲ್ಲದ ಕೆಲಸ ಅದು. ಇಂಥದ್ದಕ್ಕೆ ಬೇಕಾದ್ದು ನೇರ ಅನುದಾನ.

ನಮ್ಮ ಊರಿನ ಮಾತಿಗೆ ಬರುತ್ತೇನೆ. ಕೈಗಾರಿಕಾ ವಾಲ್ವ್‌ಗಳಿಗೆ ಹುಬ್ಬಳ್ಳಿ ಹೆಸರಾದ ಊರು. ಗೋಕುಲ ರಸ್ತೆ, ತಾರಿಹಾಳದ ವರ್ಕ್‌ಶಾಪ್‌ಗಳಲ್ಲಿ ಲೋಹವನ್ನು ಸೋರದಂತೆ ಕೂರಿಸುವ ಕೈಗಳಿವೆ. ವೇಗವರ್ಧಕದ ಅರ್ಧ ಕಷ್ಟ ನಿರ್ವಾತ ಕಾಯುವುದರಲ್ಲೇ ಇದೆ. ನಿರ್ವಾತದ ಕೆಲಸ ಇನ್ನೂ ನಾಜೂಕಿನದು, ಕಲಿಯಬೇಕಾದದ್ದು ಬಹಳ, ಒಪ್ಪುತ್ತೇನೆ. ಆದರೆ ಕಲಿಸುವ ಜಾಗವೂ ಇಲ್ಲೇ ಇದೆ: 2016ರಲ್ಲಿ ಶುರುವಾಗಿ 2023ರಿಂದ ಚಿಕ್ಕಮಲ್ಲಿಗವಾಡದ ಸ್ವಂತ ಆವರಣದಲ್ಲಿರುವ ಧಾರವಾಡ ಐಐಟಿ, ಕರ್ನಾಟಕ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗ ಮತ್ತು ಉಪಕರಣ ಕೇಂದ್ರ, ಯಂತ್ರ ಬಳಸಿ ನೋಡಿ ತಪ್ಪು ಹೇಳಬಲ್ಲ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯ ವೈದ್ಯರು. ಇವರನ್ನು ಒಂದೇ ಮೇಜಿನ ಸುತ್ತ ಕೂಡಿಸುವ ಹಣವೊಂದೇ ಇಲ್ಲ.

ಕ್ಯಾನ್ಸರ್ ಪತ್ತೆಗೆ ಬಳಸುವ ಪೆಟ್ ಸ್ಕ್ಯಾನಿನದೂ ಇದೇ ಕತೆ. ಅದಕ್ಕೆ ಬೇಕಾದ ವಿಕಿರಣಶೀಲ ಫ್ಲೋರಿನ್-18 ತಯಾರಾಗುವುದು ಸೈಕ್ಲೋಟ್ರಾನ್ ಎಂಬ ಇನ್ನೊಂದು ಬಗೆಯ ವೇಗವರ್ಧಕದಲ್ಲಿ. ಸುಮಾರು 110 ನಿಮಿಷಕ್ಕೊಮ್ಮೆ ಅದು ಅರ್ಧಕ್ಕಿಳಿಯುತ್ತದೆ. ಬೆಂಗಳೂರಿನಿಂದ ರಸ್ತೆಯಲ್ಲಿ ಏಳು ತಾಸು ಹಿಡಿದು ಹುಬ್ಬಳ್ಳಿ ತಲಪುವಷ್ಟರಲ್ಲಿ ಹೊರಟದ್ದರ ಹದಿನಾಲ್ಕನೇ ಒಂದು ಪಾಲು ಉಳಿದೀತು. ಉತ್ತರ ಕರ್ನಾಟಕದ ರೋಗಿಗೆ ದೂರ ಎಂದರೆ ಬಸ್ ಚಾರ್ಜ್ ಅಷ್ಟೇ ಅಲ್ಲ. 2018ರಲ್ಲಿ ಕೋಲ್ಕತ್ತದಲ್ಲಿ ಕೆಲಸ ಆರಂಭಿಸಿದ ದೇಶದ ಅತಿ ದೊಡ್ಡ ವೈದ್ಯಕೀಯ ಸೈಕ್ಲೋಟ್ರಾನ್ ಕೂಡ ಬೆಲ್ಜಿಯಮ್ಮಿನಿಂದ ಬಂದದ್ದು. ಅದೇ ಊರಿನಲ್ಲಿ 1977ರಷ್ಟು ಹಿಂದೆಯೇ ನಮ್ಮವರು ಸ್ವಂತ ಸೈಕ್ಲೋಟ್ರಾನ್ ನಡೆಸಿ ತೋರಿಸಿದ್ದರು. ಇದನ್ನು ನೆನೆದರೆ ನೋವಾಗುತ್ತದೆ.

ರೈತರ ಪಾಲೂ ಇದರಲ್ಲಿದೆ. 2024ರ ಜುಲೈ ಬಜೆಟ್ಟಿನಲ್ಲಿ ಆಹಾರ ವಿಕಿರಣ ಸಂಸ್ಕರಣೆಯ 50 ಘಟಕಗಳಿಗೆ ನೆರವು ಕೊಡುವುದಾಗಿ ಕೇಂದ್ರ ಹೇಳಿತು. ಅಮೆರಿಕಕ್ಕೆ ಹೋಗುವ ಮಾವಿಗೆ ಈ ಸಂಸ್ಕರಣೆ ಕಡ್ಡಾಯ. ನಮ್ಮ ಧಾರವಾಡ ಆಪೂಸಿಗೆ ರಾಜ್ಯದಲ್ಲಿರುವ ದಾರಿ ಕೋಲಾರ ಜಿಲ್ಲೆಯ ಮಾಲೂರಿನ ಘಟಕ. ಕೋಬಾಲ್ಟ್-60 ಬಳಸುವ ಘಟಕದಲ್ಲಿ ಮೂಲದ ಬಲ ವರ್ಷಕ್ಕೆ ಶೇ 12ರಷ್ಟು ಕುಗ್ಗುತ್ತದೆ, ಮತ್ತೆ ಮತ್ತೆ ತುಂಬಬೇಕು. ಎಲೆಕ್ಟ್ರಾನ್ ವೇಗವರ್ಧಕಕ್ಕೆ ಆ ಖರ್ಚಿಲ್ಲ, ಸ್ವಿಚ್ ಆರಿಸಿದರೆ ವಿಕಿರಣವೂ ನಿಂತಿತು. ಇಂದೋರಿನವರು ಒಂದು ಕೋಟಿ ಎಲೆಕ್ಟ್ರಾನ್ ವೋಲ್ಟಿನ ಇಂಥ ಯಂತ್ರ ಮಾಡಿ ನಡೆಸುತ್ತಿದ್ದಾರೆ. ಆ 50ರಲ್ಲಿ ಒಂದು ಘಟಕ ಅದೇ ಯಂತ್ರದೊಂದಿಗೆ ಅಮರಗೋಳದ ಎಪಿಎಂಸಿಗೆ ಬಂದರೆ ಮೆಣಸಿನಕಾಯಿ, ಉಳ್ಳಾಗಡ್ಡಿ ಬೆಳೆಯುವವರಿಗೂ ಆದೀತು.

ನೀರು, ರಸ್ತೆ, ಶಾಲೆ ಬೇಡವೆಂದು ನಾನು ಹೇಳುತ್ತಿಲ್ಲ. ಅವುಗಳ ಹಣಕ್ಕೆ ಕೈ ಹಾಕುವ ಅಗತ್ಯವೂ ಇಲ್ಲ. ಪರದೇಶದ ಯಂತ್ರಕ್ಕೆ ಹೇಗೂ ಹೋಗುತ್ತಿರುವ ಹಣದಲ್ಲೇ ಒಂದು ಪಾಲನ್ನು ಇಲ್ಲಿ ಕಟ್ಟುವುದಕ್ಕೆ ತೆಗೆದಿಡಿ ಎಂಬುದಷ್ಟೇ ನನ್ನ ಬೇಡಿಕೆ.

ಧಾರವಾಡದ ಸಂಸದರು ಕೇಂದ್ರ ಸಂಪುಟದಲ್ಲಿದ್ದಾರೆ. ವೈದ್ಯಕೀಯ ವೇಗವರ್ಧಕಗಳಿಗೆ ಹತ್ತು ವರ್ಷಗಳ ಪ್ರತ್ಯೇಕ ಅನುದಾನ ಬೇಕೆಂದು, ಅದರಲ್ಲಿ ಕಟ್ಟಿದ ಮೊದಲ ಯಂತ್ರಗಳನ್ನು ಸರ್ಕಾರಿ ಆಸ್ಪತ್ರೆಗಳು ಕೊಳ್ಳಲೇಬೇಕೆಂಬ ಆದೇಶ ಬೇಕೆಂದು ಅವರು ಅಲ್ಲಿ ಕೇಳಬೇಕು. ನಮ್ಮ ಶಾಸಕರು ರಾಜ್ಯದ ಮುಂದಿನ ಬಜೆಟ್ಟಿಗೆ ಮೊದಲು ಐಐಟಿ, ವಿಶ್ವವಿದ್ಯಾಲಯ, ಕಿಮ್ಸ್ ಕೂಡಿದ ತರಬೇತಿ ಮತ್ತು ಪರೀಕ್ಷಾ ಕೇಂದ್ರದ ಯೋಜನಾ ವರದಿಯನ್ನು ಸರ್ಕಾರಕ್ಕೆ ಕೊಡಿಸಬೇಕು. ತಮ್ಮ ಪತ್ರಿಕೆ ಈ ಎರಡೂ ಕಡೆಯ ಉತ್ತರವನ್ನು ಕೇಳಿ ಪ್ರಕಟಿಸಲಿ ಎಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಓದುಗ, ಧಾರವಾಡ