ಬ್ಯಾಗಿಗೆ ಒರೆಸುವ ಪಟ್ಟಿ, ಅಯಾನಿನ ಬೋನು

ಸಾಂಬ್ರಾದವರಿಗೆ ವಿಮಾನದ ಸದ್ದು ಹೊಸದಲ್ಲ. ಆದರೆ ಮೊನ್ನೆ ಮೊದಲ ಸಲ ವಿಮಾನ ಹತ್ತಿ ಬಂದ ನಮ್ಮ ಓಣಿಯ ಕಾಕು ಒಬ್ಬರು ಕೇಳಿದ ಪ್ರಶ್ನೆ ಚಲೋ ಇತ್ತು: “ಬ್ಯಾಗಿಗೆ ಒಂದು ಪಟ್ಟಿ ಒರಸಿ ಯಂತ್ರದಾಗ ಇಟ್ರು. ಅದೇನು ವಾಸನಿ ನೋಡತೈತೇನ್ರಿ?”

ಒಂದು ರೀತಿಯಲ್ಲಿ ಹೌದು. ಪಟ್ಟಿಗೆ ಅಂಟಿದ ಕಣಗಳನ್ನು ಯಂತ್ರ ಕಾಯಿಸಿ ಆವಿ ಮಾಡುತ್ತದೆ, ಆ ಅಣುಗಳಿಗೆ ವಿದ್ಯುದಂಶ ಕೊಡುತ್ತದೆ. ಹಾಗೆ ವಿದ್ಯುದಂಶ ಪಡೆದದ್ದೇ ಅಯಾನು. ಅದು ಗಾಳಿಯಿರುವ ಕೊಳವೆಯನ್ನು ಎಷ್ಟು ಹೊತ್ತಿಗೆ ದಾಟಿತು ಎಂಬುದರ ಮೇಲೆ ಸ್ಫೋಟಕ ಹೌದೋ ಅಲ್ಲವೋ ಎಂಬ ತೀರ್ಮಾನ. ತೊಡಕಿರುವುದು ಇಲ್ಲೇ. ಬೇರೆ ಬೇರೆ ವಸ್ತುಗಳು ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ದಾಟಬಹುದು. ಗ್ಲಿಸರಿನ್ ಇರುವ ಕ್ರೀಮು ಹಚ್ಚಿಕೊಂಡವರ ಕೈಗೂ ಯಂತ್ರ ಗಂಟೆ ಬಾರಿಸಿದ್ದುಂಟು. ಪಾಪ, ಅವರನ್ನು ಪಕ್ಕಕ್ಕೆ ನಿಲ್ಲಿಸುತ್ತಾರೆ.

ಅಯಾನಿನ ತೂಕವನ್ನೇ ನೋಡಿದರೆ ಈ ಗೊಂದಲ ಬಹಳ ಕಡಿಮೆಯಾಗುತ್ತದೆ. ಅದಕ್ಕಿರುವ ಯಂತ್ರಗಳಲ್ಲಿ ಒಂದು ಅಯಾನ್ ಟ್ರ್ಯಾಪ್. ಜರ್ಮನಿಯ ವುಲ್ಫ್‌ಗ್ಯಾಂಗ್ ಪೌಲ್ 1950ರ ದಶಕದಲ್ಲಿ ಕಟ್ಟಿದ ಬೋನು ಇದು. 1989ರ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ನಡುವೆ ಒಂದು ಬಳೆ, ಮೇಲೊಂದು ಕೆಳಗೊಂದು ಮುಚ್ಚಳ. ಬಳೆಗೆ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ವಿದ್ಯುತ್ ಕೊಟ್ಟರೆ ಅಯಾನುಗಳು ಒಳಗೇ ಸುತ್ತುತ್ತಿರುತ್ತವೆ. ವೋಲ್ಟೇಜ್ ಏರಿಸುತ್ತ ಹೋದರೆ ಹಗುರವಾದವು ಮೊದಲು, ಭಾರದವು ಆಮೇಲೆ, ಸಾಲಾಗಿ ಹೊರಬೀಳುತ್ತವೆ. ಬೇಕಾದರೆ ಒಂದೇ ಜಾತಿಯದನ್ನು ಉಳಿಸಿಕೊಂಡು, ಅಲ್ಲಾಡಿಸಿ ಒಡೆದು, ಚೂರುಗಳನ್ನೂ ತೂಗಬಹುದು.

ಇದನ್ನು ಚುರುಕು ಮಾಡಿದ ಕತೆ ನನಗೆ ಬಹಳ ಇಷ್ಟ. ನಿರ್ವಾತ ಪೂರ್ತಿ ಶುದ್ಧವಾಗಿರಬೇಕು ಅಂತ ಯಾರಾದರೂ ಅಂದ್ಕೋತಾರೆ. ಜಾರ್ಜ್ ಸ್ಟಾಫರ್ಡ್ ಮತ್ತು ಸಂಗಡಿಗರು 1984ರಲ್ಲಿ ತೋರಿಸಿದ್ದು ಉಲ್ಟಾ: ಚೂರು ಹೀಲಿಯಂ, ಅಂದರೆ ಹೊರಗಿನ ಗಾಳಿಯ ಒತ್ತಡದ ಸುಮಾರು 7.6 ಲಕ್ಷದಲ್ಲಿ 1 ಪಾಲು, ಒಳಗೆ ಬಿಟ್ಟರೆ ಫಲಿತಾಂಶ ಸುಧಾರಿಸುತ್ತದೆ. ಹೀಲಿಯಂಗೆ ಡಿಕ್ಕಿ ಹೊಡೆದು ಹೊಡೆದು ಅಯಾನುಗಳ ಜಿಗಿದಾಟ ತಗ್ಗುತ್ತದೆ, ನಡುವೆ ಗುಂಪುಗೂಡುತ್ತವೆ.

ಮತ್ತೆ ಗುಂಪು ಅತಿಯಾದರೂ ಕಷ್ಟ. ಖಾನಾಪುರ ಬಸ್ಸು ತುಂಬಿದಾಗ ಒಬ್ಬರನ್ನೊಬ್ಬರು ತಳ್ಳಿದ ಹಂಗ ಅಯಾನುಗಳೂ ತಳ್ಳಾಡಿ ತೂಕ ತಪ್ಪು ತೋರಿಸುತ್ತವೆ. ಅದಕ್ಕೇ ಯಂತ್ರ ಮೊದಲು ಒಂದು ಇಣುಕು ಹಾಕಿ, ಎಷ್ಟು ಹೊತ್ತು ಬಾಗಿಲು ತೆರೆದಿಡಬೇಕೆಂದು ತಾನೇ ಲೆಕ್ಕ ಹಾಕುತ್ತದೆ.

ಇನ್ನೊಂದು ಕಾಟ ಮುಚ್ಚಳದ ತೂತಿನದು. ಅಯಾನು ಹೊರಬರಲು ತೂತು ಬೇಕೇ ಬೇಕು, ಆದರೆ ಅದರ ಹತ್ತಿರ ವಿದ್ಯುತ್ ಕ್ಷೇತ್ರ ಸೊರಗಿ ಕೆಲವು ತಡವಾಗಿ ಬರುತ್ತವೆ. ತಡವಾದರೆ ಇದ್ದದ್ದಕ್ಕಿಂತ ಭಾರ ಅಂತ ಲೆಕ್ಕ! ಮುಚ್ಚಳಗಳನ್ನು ಸೂತ್ರ ಹೇಳಿದ್ದಕ್ಕಿಂತ ಸುಮಾರು ಹತ್ತು ಶೇಕಡಾ ದೂರ ಸರಿಸಿ ಕಂಪನಿಯವರು ಇದನ್ನು ಸರಿಪಡಿಸಿಕೊಂಡರು. ಯಾಕೆ ಸರಿಹೋಯಿತು ಎಂಬ ಗಣಿತಕ್ಕೆ ಕೈ ಹಾಕಿದವರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ.ಜಿ. ಮೆನನ್, ಅನಿಂದ್ಯ ಚಟರ್ಜಿ ಮತ್ತು ಅವರ ವಿದ್ಯಾರ್ಥಿಗಳಿದ್ದಾರೆ. ಕ್ಷೇತ್ರದ ಸಣ್ಣ ಓರೆಕೋರೆ ಯಾವ ಕಡೆಗಿದ್ದರೆ ಅಯಾನು ಬೇಗ ಹೊರಬೀಳುತ್ತದೆ, ಯಾವ ಕಡೆಗಿದ್ದರೆ ತಡವಾಗುತ್ತದೆ ಎಂದು ಅವರು 2007ರಲ್ಲಿ ಸಮೀಕರಣ ಬಿಡಿಸಿ ತೋರಿಸಿದರು. ಕಾಗದ ಪೆನ್ನಿನ ಕೆಲಸ ಅಂತ ಹಗುರ ಮಾಡಬೇಡಿ. ಬೋನು ಚಿಕ್ಕದಾದಷ್ಟೂ ಓರೆಕೋರೆ ಹೆಚ್ಚು ಕಾಡುತ್ತದೆ.

ಚಿಕ್ಕದೇ ಎಲ್ಲರಿಗೂ ಬೇಕಾದದ್ದು. 2014ರಲ್ಲಿ ಧೂಮಕೇತುವಿನ ಮೇಲೆ ಇಳಿದ ಫಿಲೆ ನೌಕೆಯಲ್ಲೂ ಇಂಥದ್ದೊಂದು ಬೋನಿತ್ತು. ಅಲ್ಲಿ ನಿರ್ವಾತ ಪುಕ್ಕಟೆ. ಇಲ್ಲಿ ಮಾತ್ರ ಬೋನು ಅಂಗೈಯಲ್ಲಿ ಹಿಡಿಸಿದರೂ ಜೊತೆಗೆ ಪಂಪು, ಅದಕ್ಕೆ ಕರೆಂಟು ಬೇಕು, ಬೆಲೆಯೂ ಏರುತ್ತದೆ.